ದೊಡ್ಡ ಪಿಯಾನೋ ಸಾಗಿಸಲು ಸಲಕರಣೆಗಳ ಆಯ್ಕೆ

ಮೈಸೂರು ಸೀಮೆಗೂ ಪಿಯಾನೋ ವಾದ್ಯಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಸಂಸ್ಥಾನದ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ್ (1919–1974) ಅವರು ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದು ನಮಗೆಲ್ಲ ಪರಿಚಿತರು. ಅವರು ನುರಿತ ಪಿಯಾನೋ ವಾದಕರೂ ಆಗಿದ್ದರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣಗೊಂಡದ್ದು ಮಹಾರಾಜರ ಧನಸಹಾಯದಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚರ್ಟೋವನ್ನು ಅವರಿಗೇ ಅರ್ಪಿಸಿದರು. ಮಹಾರಾಜರ ಸೋದರಿ ವಿಜಯಾದೇವಿಯವರೂ ಪಿಯಾನೋ ಕಲಿತವರು. ಬೆಂಗಳೂರಿನಲ್ಲಿ 1974ರಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದವರು. 1987ರಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಆರಂಭವಾಯಿತು. ಹೀಗೆ ಅರಮನೆಯ ಕೋಣೆಯಿಂದ ಹೊರಬಂದ ಈ ವಾದ್ಯ ಶಾಲೆ, ಸಭಾಂಗಣ, ಹೋಟೆಲು, ಚರ್ಚುಗಳನ್ನು ತಲುಪಿದೆ.

ವಾದ್ಯ ತಲುಪಿತು ಎಂದು ಹೇಳುವುದು ಸುಲಭ. ಅದನ್ನು ತಲುಪಿಸಿದ ಕೈಗಳ ಮಾತನ್ನು ಯಾರೂ ಆಡುವುದಿಲ್ಲ. ವೀಣೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರಬಹುದು, ಮೃದಂಗವನ್ನು ಹೆಗಲಿಗೇರಿಸಬಹುದು, ಹಾರ್ಮೋನಿಯಂ ಪೆಟ್ಟಿಗೆಯನ್ನು ಇಬ್ಬರು ಎತ್ತಬಹುದು. ಕಛೇರಿಗೆ ಬಳಸುವ ದೊಡ್ಡ ಪಿಯಾನೋ, ಅಂದರೆ ಕಾನ್ಸರ್ಟ್ ಗ್ರ್ಯಾಂಡ್, ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದನ್ನು ಸಾಗಿಸುವಾಗ ಆಗುವ ಒಂದು ತಪ್ಪಿಗೆ ಕೋಟಿ ರೂಪಾಯಿ ಮೀರುವ ವಾದ್ಯ ಬಲಿಯಾಗಬಹುದು. ಅದಕ್ಕಿಂತ ಹೆಚ್ಚಾಗಿ, ದಿನಗೂಲಿಗೆ ಬಂದ ಹಮಾಲಿಯೊಬ್ಬರ ಬೆರಳೋ ಬೆನ್ನೋ ಶಾಶ್ವತವಾಗಿ ಹೋಗಬಹುದು. ಆದುದರಿಂದ ಯಾವ ಸಲಕರಣೆ, ಏಕೆ, ಎಷ್ಟು ಸಾಮರ್ಥ್ಯದ್ದು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಉದಾಹರಣೆಗೆ ನಮಗೆ ಗೊತ್ತಿರುವ ಜಾಗವನ್ನೇ ತೆಗೆದುಕೊಳ್ಳೋಣ. ನಂಜನಗೂಡು ತಾಲ್ಲೂಕಿನ ಸುತ್ತೂರು ಕಪಿಲಾ ನದಿಯ ದಡದಲ್ಲಿದೆ. ಅಲ್ಲಿ ಪ್ರತಿವರ್ಷ ಜನವರಿ–ಫೆಬ್ರವರಿಯ ಹೊತ್ತಿಗೆ ಆದಿ ಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳವರ ಜಾತ್ರೆ ನಡೆಯುತ್ತದೆ. ರಥೋತ್ಸವ, ಕೊಂಡೋತ್ಸವ, ತೆಪ್ಪೋತ್ಸವಗಳ ಜೊತೆಗೆ ಕುಸ್ತಿ, ದನಗಳ ಜಾತ್ರೆ, ಭಜನಾ ಮೇಳ, ಸಾಂಸ್ಕೃತಿಕ ಕಾರ್ಯಕ್ರಮಗಳಿರುತ್ತವೆ. ಇಂಥ ಬಯಲಿನಲ್ಲಿ ಹಾಕಿದ ವೇದಿಕೆಯೊಂದಕ್ಕೆ ಮೈಸೂರಿನಿಂದ ಕಾನ್ಸರ್ಟ್ ಗ್ರ್ಯಾಂಡ್ ಪಿಯಾನೋ ತರಬೇಕಾಗಿದೆ ಎಂದು ಭಾವಿಸಿ ಲೆಕ್ಕ ಹಾಕೋಣ. ಲಾರಿಗೆ ಏರಿಸುವುದು, ರಸ್ತೆಯಲ್ಲಿ ತರುವುದು, ಮಣ್ಣಿನ ನೆಲ ದಾಟಿಸುವುದು, ವೇದಿಕೆಗೆ ಹತ್ತಿಸುವುದು, ಈ ನಾಲ್ಕು ಕಷ್ಟಗಳೂ ಇಲ್ಲಿ ಒಟ್ಟಿಗೆ ಬರುತ್ತವೆ.

ವಾದ್ಯದ ಮೈಕಟ್ಟು

ಕಛೇರಿ ಪಿಯಾನೋಗಳಲ್ಲಿ ಹೆಸರಾದ ಸ್ಟೈನ್‌ವೇ ‘ಡಿ’ ಮಾದರಿಯ ಉದ್ದ 274 ಸೆಂ.ಮೀ., ಅಗಲ ಸುಮಾರು 157 ಸೆಂ.ಮೀ., ತೂಕ ಸುಮಾರು 480 ಕಿಲೋ. ಯಮಾಹಾ ಕಂಪನಿಯ ಇದೇ ದರ್ಜೆಯ ವಾದ್ಯವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಸ್ಟ್ರಿಯಾದ ಬೋಸೆನ್‌ಡೋರ್ಫರ್ ಇಂಪೀರಿಯಲ್ 290 ಸೆಂ.ಮೀ. ಉದ್ದವಿದ್ದು 550 ಕಿಲೋ ದಾಟುತ್ತದೆ. ನಮ್ಮ ಲೆಕ್ಕಕ್ಕೆ ವಾದ್ಯ 500 ಕಿಲೋ, ಅದರ ಕೆಳಗಿನ ಹಲಗೆ ಮತ್ತು ಗಾಲಿಬಂಡಿ 50 ಕಿಲೋ, ಒಟ್ಟು 550 ಕಿಲೋ ಎಂದು ಇಟ್ಟುಕೊಳ್ಳೋಣ.

ಇಷ್ಟು ತೂಕ ಏಕೆ ಎಂದರೆ ಒಳಗಿರುವ ಎರಕದ ಕಬ್ಬಿಣದ ಚೌಕಟ್ಟು. ಸುಮಾರು 230 ಉಕ್ಕಿನ ತಂತಿಗಳು ಒಟ್ಟಾಗಿ 20 ಟನ್ನಿನ ಆಸುಪಾಸಿನ ಬಲದಿಂದ ಎಳೆಯುತ್ತಿರುತ್ತವೆ. ಆ ಎಳೆತವನ್ನು ತಾಳಿಕೊಳ್ಳುವುದು ಈ ಚೌಕಟ್ಟು. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಪೆಟ್ಟು ಬಿದ್ದರೆ ಬಿರಿಯುತ್ತದೆ. ಚೌಕಟ್ಟು ಬಿರುಕು ಬಿಟ್ಟ ಪಿಯಾನೋವನ್ನು ಮತ್ತೆ ನಂಬಿಕೆಯಿಂದ ಶ್ರುತಿ ಮಾಡುವುದು ಕಷ್ಟ.

ಈ ಭಾರವೆಲ್ಲ ನಿಂತಿರುವುದು ಮೂರೇ ಕಾಲುಗಳ ಮೇಲೆ. ಕಾಲುಗಳು ನೇರವಾಗಿ ಕೆಳಗೆ ಬೀಳುವ ಭಾರಕ್ಕೆ ಗಟ್ಟಿ, ಅಡ್ಡ ಬಲಕ್ಕೆ ಅಷ್ಟಕ್ಕಷ್ಟೆ. ಕಾಲಿನ ತುದಿಯ ಹಿತ್ತಾಳೆ ಗಾಲಿ ನೆಲದ ಸಂದಿನಲ್ಲಿ ಸಿಕ್ಕಿಕೊಂಡಾಗ ಮೇಲಿನ ದೇಹ ಮುಂದಕ್ಕೆ ನುಗ್ಗುತ್ತದೆ, ಕಾಲು ಮುರಿಯುತ್ತದೆ. ಪಿಯಾನೋ ಸಾಗಣೆಯಲ್ಲಿ ಹೆಚ್ಚು ಅಂಜಬೇಕಾದ ಅಪಘಾತ ಇದೇ. ಆ ಹಿತ್ತಾಳೆ ಗಾಲಿಗಳು ನುಣುಪಾದ ವೇದಿಕೆಯ ಮೇಲೆ ನಾಲ್ಕು ಹೆಜ್ಜೆ ಸರಿಸುವುದಕ್ಕೆ ಇರುವಂಥವು. ಬಯಲಿನಲ್ಲಿ ಉರುಳಿಸುವುದಕ್ಕಲ್ಲ.

ಎಷ್ಟು ಜನ ಬೇಕು?

ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಹತ್ತು ಜನ ಎತ್ತಿದರೆ ತಲೆಗೆ 50 ಕಿಲೋ, ಒಂದು ಸಿಮೆಂಟ್ ಮೂಟೆಯಷ್ಟು ತಾನೇ ಎಂದು ಲೆಕ್ಕ ಒಪ್ಪಿಸುವವರೂ ಉಂಟು. ಈ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ. ಪಿಯಾನೋದ ಬಾಗಿದ ಮೈಗೆ ಹತ್ತು ಜನ ಭದ್ರವಾಗಿ ಕೈ ಹಾಕುವ ಜಾಗವೇ ಇಲ್ಲ. ಒಬ್ಬರು ಎಡವಿದ ಕ್ಷಣ ಅವರ ಪಾಲು ಪಕ್ಕದವರ ಮೇಲೆ ಬೀಳುತ್ತದೆ. ಮೆಟ್ಟಿಲಿನ ಮೇಲಾದರೆ ಕೆಳಗಿರುವ ಇಬ್ಬರು ಮೂವರ ಮೇಲೆ ಹೆಚ್ಚಿನ ಭಾರವೆಲ್ಲ ಇಳಿಯುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರ ತನ್ನ ಶಿಫಾರಸಿನಲ್ಲಿ ವಯಸ್ಕ ಪುರುಷ ಕಾರ್ಮಿಕರು ಕೈಯಿಂದ ಸಾಗಿಸುವ ಭಾರಕ್ಕೆ 55 ಕಿಲೋ ಗಡಿಯನ್ನು ಸೂಚಿಸಿತು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯೇ, ಮೈಗೆ ಹಾನಿಯಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂಬ ತತ್ವವನ್ನು ಬರೆದಿಟ್ಟಿತು. ಹಾಗಾಗಿ ‘ಎಷ್ಟು ಜನ’ ಎಂದು ಕೇಳುವ ಮುನ್ನ ‘ಭಾರ ಯಾವುದರ ಮೇಲೆ ಕೂರುತ್ತದೆ’ ಎಂದು ಕೇಳಬೇಕು. ಸಲಕರಣೆ ಸರಿಯಿದ್ದರೆ ಭಾರ ಗಾಲಿಯ ಮೇಲಿರುತ್ತದೆ, ಜನ ದಿಕ್ಕು ತೋರಿಸುತ್ತಾರೆ. ಆಗ ನಾಲ್ಕೈದು ಮಂದಿ ಪಳಗಿದವರು ಸಾಕು.

ಮೊದಲು ಅಳತೆಯ ಪಟ್ಟಿ

ಸಲಕರಣೆಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಅಳತೆಯ ಟೇಪು. ಪಿಯಾನೋವನ್ನು ಅದರ ನೇರ ಬದಿಯ ಮೇಲೆ, ಅಂದರೆ ಮಂದ್ರ ಸ್ವರಗಳಿರುವ ಎಡಬದಿಯ ಮೇಲೆ, ನಿಲ್ಲಿಸಿ ಸಾಗಿಸುವುದು ರೂಢಿ. ಹಾಗೆ ನಿಲ್ಲಿಸಿದಾಗ ಅದರ ಅಗಲವೇ ಎತ್ತರವಾಗುತ್ತದೆ. ಹಲಗೆ, ಗಾಲಿಗಳು ಸೇರಿ ನೆಲದಿಂದ ಸುಮಾರು 180 ಸೆಂ.ಮೀ.; ದಪ್ಪ ಹೊದಿಕೆ ಸೇರಿ ಅರ್ಧ ಮೀಟರು. ಏಳು ಅಡಿ ಎತ್ತರ, ಮೂರಡಿ ಅಗಲದ ಬಾಗಿಲಿನಲ್ಲಿ ಇದು ದಾಟುತ್ತದೆ. ತಲೆ ಬಗ್ಗಿಸಿ ಒಳಹೋಗಬೇಕಾದ ಹಳೆಯ ತೊಟ್ಟಿಮನೆಯ ಬಾಗಿಲಿನಲ್ಲಿ ದಾಟುವುದಿಲ್ಲ.

ಬಾಗಿಲಿಗಿಂತ ತೊಂದರೆ ಕೊಡುವುದು ತಿರುವು. ಒಂದೇ ಅಗಲದ ಎರಡು ಓಣಿಗಳು ಕಾಟಕೋನದಲ್ಲಿ ಸೇರುವಲ್ಲಿ 274 ಸೆಂ.ಮೀ. ಉದ್ದದ, ಅರ್ಧ ಮೀಟರು ದಪ್ಪದ ವಸ್ತು ತಿರುಗಲು ಓಣಿ ಕನಿಷ್ಠ 132 ಸೆಂ.ಮೀ. ಅಗಲವಿರಬೇಕೆಂದು ಲೆಕ್ಕ ಹೇಳುತ್ತದೆ. ಕೈಗೆ ಜಾಗ ಬೇಕಾದ್ದರಿಂದ ಒಂದೂವರೆ ಮೀಟರು ಎಂದಿಟ್ಟುಕೊಳ್ಳಿ. ಲೆಕ್ಕದಲ್ಲಿ ನಂಬಿಕೆಯಿಲ್ಲದವರು ಬಿದಿರಿನಿಂದ ಇದೇ ಅಳತೆಯ ಚೌಕಟ್ಟು ಕಟ್ಟಿ, ಇಬ್ಬರು ಹಿಡಿದುಕೊಂಡು ದಾರಿಯುದ್ದಕ್ಕೂ ನಡೆದು ನೋಡಬಹುದು. ಬಿದಿರು ಸಿಕ್ಕಿಕೊಂಡ ಕಡೆ ಪಿಯಾನೋವೂ ಸಿಕ್ಕಿಕೊಳ್ಳುತ್ತದೆ.

ಹಲಗೆ ಮತ್ತು ಹೊದಿಕೆ

ಸಾಗಣೆಯ ಮುಖ್ಯ ಸಲಕರಣೆ ಮೆತ್ತೆ ಹೊದಿಸಿದ ಉದ್ದನೆಯ ಮರದ ಹಲಗೆ. ವೃತ್ತಿಯವರು ಇದನ್ನು ಪಿಯಾನೋ ಬೋರ್ಡ್ ಎನ್ನುತ್ತಾರೆ. ಹಲಗೆ ವಾದ್ಯದ ನೇರ ಬದಿಯಷ್ಟಾದರೂ ಉದ್ದವಿರಬೇಕು. ಪಟ್ಟಿ ಬಿಗಿಯಲು ಎರಡೂ ಅಂಚಿನಲ್ಲಿ ಸೀಳುಗಂಡಿಗಳಿರಬೇಕು. ಚಿಕ್ಕ ಗ್ರ್ಯಾಂಡ್ ಪಿಯಾನೋಗೆಂದು ಮಾಡಿದ ಹಲಗೆಯ ಮೇಲೆ ದೊಡ್ಡದನ್ನು ಕೂರಿಸಿದರೆ ಬಾಲದ ಭಾಗ ಹೊರಚಾಚಿ ತೂಗಾಡುತ್ತದೆ.

ಕೆಲಸದ ಕ್ರಮ ಹೀಗಿದೆ. ಮುಚ್ಚಳ ಮತ್ತು ಮನೆಗಳ ಮೇಲಿನ ಪರದೆಹಲಗೆಯನ್ನು ಮುಚ್ಚಿ ಭದ್ರಪಡಿಸಬೇಕು. ಸ್ವರಲಿಪಿ ಇಡುವ ಪೀಠವನ್ನು ಹೊರತೆಗೆಯಬೇಕು. ಕೆಳಗೆ ಇಳಿಬಿದ್ದಿರುವ ಪೆಡಲ್ ಚೌಕಟ್ಟನ್ನು ಬಿಚ್ಚಬೇಕು. ಬಳಿಕ ಮುಂಭಾಗದ ಎಡಗಾಲನ್ನು ತೆಗೆದು ಆ ಮೂಲೆಯನ್ನು ನಿಧಾನವಾಗಿ ಹಲಗೆಯ ಮೇಲೆ ಇಳಿಸಬೇಕು. ಅಲ್ಲಿಂದ ವಾದ್ಯವನ್ನು ನೇರ ಬದಿಯ ಮೇಲೆ ಎಬ್ಬಿಸಿ ನಿಲ್ಲಿಸಿದ ಮೇಲೆಯೇ ಉಳಿದ ಎರಡು ಕಾಲುಗಳನ್ನು ಬಿಚ್ಚುವುದು. ತಿರುಪು, ಬೆಣೆಗಳನ್ನು ಒಂದೇ ಚೀಲದಲ್ಲಿ ಹಾಕಿ ಯಾವ ಕಾಲಿನದೆಂದು ಗುರುತು ಹಾಕಬೇಕು.

ಈ ಕ್ರಮದಲ್ಲಿ ಅತ್ಯಂತ ಅಪಾಯದ ಗಳಿಗೆ ಎಡಗಾಲು ಬಿಚ್ಚಿದ ಗಳಿಗೆ. ಆ ಮೂಲೆಯ ಮೇಲೆ ಒಟ್ಟು ತೂಕದ ಮೂರನೆಯ ಒಂದು ಪಾಲು, ಅಂದರೆ 160 ಕಿಲೋ ಆಸುಪಾಸು ಇರುತ್ತದೆ. ಇಬ್ಬರು ತೋಳಿನಲ್ಲಿ ಹಿಡಿದು ಇಳಿಸುವುದಕ್ಕಿಂತ, ಹೈಡ್ರಾಲಿಕ್ ಜಾಕ್ ಇರುವ ಚೌಕಟ್ಟನ್ನು ಕೆಳಗಿಟ್ಟು ಇಳಿಸುವುದು ಕ್ಷೇಮ. ಬಾಡಿಗೆಗೆ ಬರುವವರ ಬಳಿ ಈ ಜಾಕ್ ಇದೆಯೇ ಎಂದು ಕೇಳಿದರೆ ಅವರ ಕೆಲಸದ ಮಟ್ಟ ಅರ್ಧ ತಿಳಿದಂತೆ.

ಹೊದಿಕೆಗೆ ನಮ್ಮ ಕುರಿ ಉಣ್ಣೆಯ ಕಂಬಳಿ ಗಟ್ಟಿಯೇನೋ ಹೌದು, ಆದರೆ ಒರಟು. ಹೊಳಪಿನ ಮೈಗೆ ತಾಗುವಲ್ಲಿ ಮೆತ್ತನೆಯ ಹತ್ತಿ ರಜಾಯಿ ಇರಲಿ, ಅದರ ಮೇಲೆ ಬೇಕಾದರೆ ಕಂಬಳಿ ಬರಲಿ. ಅಂಟುಟೇಪನ್ನು ನೇರವಾಗಿ ಮರಕ್ಕೆ ಅಂಟಿಸಬಾರದು.

ಗಾಲಿಗೆ ತೇರಿನ ಪಾಠ

ಸುತ್ತೂರಿನ ತೇರನ್ನಾಗಲೀ ನಂಜನಗೂಡಿನ ದೊಡ್ಡ ಜಾತ್ರೆಯ ಗೌತಮ ರಥವನ್ನಾಗಲೀ ಹತ್ತಿರದಿಂದ ಕಂಡವರಿಗೆ ಗಾಲಿಯ ಗಾತ್ರ ನೆನಪಿರುತ್ತದೆ. ಅಷ್ಟು ದೊಡ್ಡ ಗಾಲಿ ಬರೀ ಅಂದಕ್ಕೆ ಬಂದದ್ದಲ್ಲ. ಗಾಲಿ ದೊಡ್ಡದಾದಷ್ಟೂ ಕಲ್ಲು, ಹೊಂಡ ಸಣ್ಣದಾಗುತ್ತವೆ. ಇದನ್ನು ಲೆಕ್ಕದಲ್ಲೇ ನೋಡಬಹುದು. ನೆಲದಲ್ಲಿ ಒಂದು ಸೆಂ.ಮೀ. ಎತ್ತರದ ಅಡ್ಡಿ ಇದೆ ಎನ್ನೋಣ. ಗಾಲಿಬಂಡಿಯ ಮುಂದಿನ ಎರಡು ಗಾಲಿಗಳ ಮೇಲೆ ಅರ್ಧ ಭಾರ, 275 ಕಿಲೋ ಇದೆ. ಗಾಲಿಯ ವ್ಯಾಸ 10 ಸೆಂ.ಮೀ. ಇದ್ದರೆ ಆ ಅಡ್ಡಿಯನ್ನು ಹತ್ತಿಸಲು ಸುಮಾರು 205 ಕಿಲೋ ಬಲದಿಂದ ತಳ್ಳಬೇಕು. ವ್ಯಾಸ 20 ಸೆಂ.ಮೀ. ಆದರೆ ಸುಮಾರು 133 ಕಿಲೋ ಬಲ ಸಾಕು. ಅಡ್ಡಿಯ ಎತ್ತರ ಗಾಲಿಯ ಅರ್ಧ ವ್ಯಾಸದಷ್ಟಾದರೆ ಎಷ್ಟು ತಳ್ಳಿದರೂ ಗಾಲಿ ಹತ್ತುವುದಿಲ್ಲ.

ಇನ್ನು ಗಾಲಿಯ ಸಾಮರ್ಥ್ಯ. ಬಂಡಿಗೆ ನಾಲ್ಕು ಗಾಲಿಗಳಿವೆ ಎಂದು 550ನ್ನು ನಾಲ್ಕರಿಂದ ಭಾಗಿಸುವುದು ತಪ್ಪು. ಏರುತಗ್ಗಿನ ನೆಲದಲ್ಲಿ ಯಾವಾಗಲೂ ಮೂರೇ ಗಾಲಿಗಳು ನೆಲಕ್ಕೆ ತಾಗಿರುತ್ತವೆ. ಮೂರರಿಂದ ಭಾಗಿಸಿದರೆ ಗಾಲಿಗೆ 183 ಕಿಲೋ. ಹಾಗಾಗಿ ಒಂದೊಂದು ಗಾಲಿಯ ಮೇಲೂ 200 ಕಿಲೋ ಅಥವಾ ಹೆಚ್ಚಿನ ಸಾಮರ್ಥ್ಯ ನಮೂದಾಗಿರಬೇಕು. ಏನೂ ನಮೂದಿಲ್ಲದ ಗಾಲಿಯನ್ನು ಬಳಸಬೇಡಿ.

ಗಾಲಿಯ ಮೈ ಯಾವುದರದು ಎಂಬುದೂ ಮುಖ್ಯ. ನೈಲಾನ್ ಗಾಲಿ ಹಗುರವಾಗಿ ಉರುಳುತ್ತದೆ, ಆದರೆ ಪ್ರತಿ ಕುಲುಕನ್ನೂ ವಾದ್ಯಕ್ಕೆ ಮುಟ್ಟಿಸುತ್ತದೆ. ಮೆತ್ತನೆ ರಬ್ಬರ್ ಕುಲುಕನ್ನು ಹೀರುತ್ತದೆ, ಆದರೆ ಹೆಚ್ಚು ಹೊತ್ತು ಭಾರ ಹೊತ್ತು ನಿಂತರೆ ಚಪ್ಪಟೆಯಾಗುತ್ತದೆ. ಸಭಾಂಗಣದ ನೆಲಕ್ಕೆ ಪಾಲಿಯುರೆಥೇನ್ ಹೊದಿಕೆಯ ಗಾಲಿ ಎರಡರ ನಡುವಿನ ಒಳ್ಳೆಯ ಆಯ್ಕೆ. ಬಯಲಿನ ಮಣ್ಣಿಗೆ ಈ ಯಾವುದೂ ಆಗದು. ಮಣ್ಣಿನಲ್ಲಿ ಗಾಲಿ ಹೂತುಹೋಗುತ್ತದೆ. ಅಲ್ಲಿ 18 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆಗಳನ್ನು ಸಾಲಾಗಿ ಹಾಸಿ, ದಾಟಿದ ಹಾಳೆಯನ್ನು ಮುಂದಕ್ಕೆ ತಂದು ಹಾಸುತ್ತ ಹೋಗಬೇಕು. ಹಾಳೆಗಳ ಕೂಡುಗೆರೆಯ ಕೆಳಗೆ ಇನ್ನೊಂದು ತುಂಡು ಇಟ್ಟರೆ ಅಂಚು ಮೇಲೇಳುವುದಿಲ್ಲ.

ಏರು, ಇಳಿಜಾರು, ಮೆಟ್ಟಿಲು

ಲಾರಿಯ ತಳ ನೆಲದಿಂದ ಒಂದು ಮೀಟರ್ ಎತ್ತರವಿದೆ ಎನ್ನೋಣ. ಮೂರು ಮೀಟರ್ ಉದ್ದದ ಇಳಿಹಲಗೆ ಹಾಕಿದರೆ 550 ಕಿಲೋ ಭಾರ ಹಿಂದಕ್ಕೆ ಜಾರುವ ಬಲ 183 ಕಿಲೋ. ಹಲಗೆ ಆರು ಮೀಟರ್ ಉದ್ದವಿದ್ದರೆ ಅದು 92 ಕಿಲೋಗೆ ಇಳಿಯುತ್ತದೆ. ಉದ್ದದ ಇಳಿಹಲಗೆಯ ಮಧ್ಯೆ ಬಾಗದಂತೆ ಊರುಗಾಲು ಕೊಡಬೇಕು. ಮೇಲಕ್ಕೆ ಎಳೆಯಲು ಲಾರಿಯೊಳಗೆ ಬಿಗಿದ ಕೈವಿಂಚ್ ಇರಬೇಕು. ಅದರ ಸಾಮರ್ಥ್ಯ ಬೇಕಾದ ಬಲದ ಎರಡು ಪಟ್ಟಾದರೂ ಇರಲಿ. ವಿಂಚ್ ಇದ್ದರೆ ಯಾರೂ ಬಂಡಿಯ ಕೆಳಬದಿಯಲ್ಲಿ ನಿಂತು ತಳ್ಳುವ ಅಗತ್ಯವಿಲ್ಲ. ಇಳಿಸುವಾಗಲೂ ಇದೇ ಕ್ರಮ. ಇಳಿಯುವ ಭಾರವನ್ನು ಎದೆ ಕೊಟ್ಟು ತಡೆಯಲು ಹೋಗುವುದೇ ಅನೇಕ ಅನಾಹುತಗಳ ಮೂಲ.

ಹಿಂಬದಿಯಲ್ಲಿ ಲಿಫ್ಟ್ ತಟ್ಟೆ ಇರುವ ಲಾರಿ ಸಿಕ್ಕಿದರೆ ಇನ್ನೂ ಉತ್ತಮ. ಅದರ ಸಾಮರ್ಥ್ಯದ ಫಲಕವನ್ನು ಓದಿ. ಆ ಸಂಖ್ಯೆ ಭಾರ ಲಾರಿಗೆ ಹತ್ತಿರವಿದ್ದಾಗಿನದು. ತಟ್ಟೆಯ ತುದಿಗೆ ಹೋದಷ್ಟೂ ಸಾಮರ್ಥ್ಯ ಇಳಿಯುತ್ತದೆ. ಬಂಡಿಯ ನಾಲ್ಕೂ ಗಾಲಿಗಳು ತಟ್ಟೆಯೊಳಗೆ ಕೂರಬೇಕು, ಗಾಲಿಗಳಿಗೆ ಅಡೆ ಕೊಟ್ಟಿರಬೇಕು.

ಮೆಟ್ಟಿಲುಗಳ ಮೇಲೆ ಕಾನ್ಸರ್ಟ್ ಗ್ರ್ಯಾಂಡನ್ನು ಕೈಯಲ್ಲಿ ಹೊರಿಸಬಾರದು. ವಿದ್ಯುತ್ತಿನಿಂದ ಮೆಟ್ಟಿಲೇರುವ ಪಟ್ಟಿಗಾಲಿಯ ಯಂತ್ರಗಳಿವೆ. ಅವು ಸಿಗದ ಕಡೆ ಕಟ್ಟಡದ ಹೊರಗಿನಿಂದ ಕ್ರೇನ್ ಮೂಲಕ ಎತ್ತಬೇಕಾಗುತ್ತದೆ. ಎತ್ತಲು ಬಳಸುವ ನೂಲಿನ ಪಟ್ಟಿಗಳು ನಮೂದಿತ ಭಾರದ ಏಳು ಪಟ್ಟು ಬಲಕ್ಕೆ ಮಾತ್ರ ಹರಿಯುವಂತಿರಬೇಕೆಂಬುದು ಯುರೋಪಿನ ಮಾನದಂಡ. ಪಟ್ಟಿಯ ಕೋನವನ್ನೂ ಗಮನಿಸಬೇಕು. ಎರಡು ಪಟ್ಟಿಗಳು ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ 500 ಕಿಲೋ ಭಾರಕ್ಕೆ ಒಂದೊಂದರ ಮೇಲೂ ಸುಮಾರು 290 ಕಿಲೋ ಬಲ ಬೀಳುತ್ತದೆ. 30 ಡಿಗ್ರಿಗೆ ಮಲಗಿದರೆ ಒಂದೊಂದರ ಮೇಲೂ ಪೂರ್ತಿ 500 ಕಿಲೋ ಬೀಳುತ್ತದೆ. ತೂಗುವ ಭಾರದ ಕೆಳಗೆ ಯಾರೂ ಇರಕೂಡದು.

ಪಟ್ಟಿ, ಹಗ್ಗ ಮತ್ತು ರಸ್ತೆ

ತೆಂಗಿನ ನಾರಿನ ಹಗ್ಗ ಮರದ ಅಂಚನ್ನು ಕೊರೆಯುತ್ತದೆ. ನೈಲಾನ್ ಹಗ್ಗ ಹಿಗ್ಗಿ ಸಡಿಲವಾಗುತ್ತದೆ. ಪಿಯಾನೋವನ್ನು ಹಲಗೆಗೂ ಲಾರಿಯ ಗೋಡೆಗೂ ಬಿಗಿಯಲು ರ‍್ಯಾಚೆಟ್ ಇರುವ ಅಗಲ ಪಾಲಿಯೆಸ್ಟರ್ ಪಟ್ಟಿಯೇ ಸರಿ. ನೂಲು ಹರಿದ, ಗಂಟು ಹಾಕಿದ, ಸಾಮರ್ಥ್ಯದ ಚೀಟಿ ಕಿತ್ತುಹೋದ ಪಟ್ಟಿಯನ್ನು ಪಕ್ಕಕ್ಕಿಡಿ. ಪಟ್ಟಿ ಮೂಲೆಗಳಲ್ಲಿ ಹಾದುಹೋಗುವಲ್ಲಿ ಮೆತ್ತೆ ಇರಬೇಕು.

ಎಷ್ಟು ಬಿಗಿಯಬೇಕು? ಲಾರಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲು ಬಲದಿಂದ ಮುಂದಕ್ಕೂ, ತಿರುವಿನಲ್ಲಿ ಅರ್ಧ ಪಾಲು ಬಲದಿಂದ ಪಕ್ಕಕ್ಕೂ ನುಗ್ಗಬಹುದೆಂಬ ಲೆಕ್ಕದಲ್ಲಿ ಯುರೋಪಿನಲ್ಲಿ ಸರಕು ಬಿಗಿಯುತ್ತಾರೆ. ನಮ್ಮ 500 ಕಿಲೋ ವಾದ್ಯಕ್ಕೆ ಅದು ಮುಂದಕ್ಕೆ 400, ಪಕ್ಕಕ್ಕೆ 250 ಕಿಲೋ ಬಲ. ದನ, ಎತ್ತಿನಗಾಡಿ, ಜನ ಅಡ್ಡ ಬರುವ ಜಾತ್ರೆ ದಾರಿಯಲ್ಲಿ ಈ ಲೆಕ್ಕ ಅತಿಯಾಯಿತೆಂದು ಯಾರೂ ಹೇಳಲಾರರು. ವಾದ್ಯವನ್ನು ಗಾಲಿಬಂಡಿಯಿಂದ ಇಳಿಸಿ, ಹಲಗೆಯ ಸಮೇತ ಲಾರಿಯ ತಳದ ಮೇಲೆ ಕೂರಿಸಿ, ಗೋಡೆಗೆ ಒರಗಿಸಿ ಬಿಗಿಯಬೇಕು. ಗಾಲಿಯ ಮೇಲೆಯೇ ನಿಲ್ಲಿಸಿ ಪ್ರಯಾಣ ಮಾಡಿಸಬಾರದು.

ವೇದಿಕೆಯ ಮೇಲೆ

ಕಬ್ಬಿಣದ ಕಾಲುಗಳ ಮೇಲೆ ಹಲಗೆ ಹಾಸಿ ಮಾಡಿದ ತಾತ್ಕಾಲಿಕ ವೇದಿಕೆ ನೂರು ಜನರನ್ನು ಹೊತ್ತಿತೆಂದ ಮಾತ್ರಕ್ಕೆ ಪಿಯಾನೋ ಹೊರುತ್ತದೆ ಎಂದಲ್ಲ. ಜನರ ಭಾರ ಹರಡಿರುತ್ತದೆ. ಪಿಯಾನೋದ 160 ಕಿಲೋ ಒಂದು ಪುಟ್ಟ ಗಾಲಿಯ ಮೇಲೆ, ಒಂದು ಹಲಗೆಯ ನಡುವೆ ಕೂರುತ್ತದೆ. ಕಾಲುಗಳ ಜಾಗವನ್ನು ಮೊದಲೇ ಗುರುತಿಸಿ, ಅದರ ನೇರ ಕೆಳಗೆ ಆಧಾರ ಕೊಟ್ಟು, ಮೇಲೆ ದಪ್ಪ ಪ್ಲೈವುಡ್ ತುಂಡು ಹಾಸಬೇಕು. ವೇದಿಕೆಯ ಮೇಲೆ ಪದೇ ಪದೇ ಸರಿಸುವುದಿದ್ದರೆ ಮೂರು ಕಾಲುಗಳನ್ನೂ ಹಿಡಿದಿಡುವ ನಕ್ಷತ್ರಾಕಾರದ ಗಾಲಿಚೌಕಟ್ಟು ಸಿಗುತ್ತದೆ. ಅಡ್ಡ ಬಲವನ್ನು ಅದು ತಾನು ತೆಗೆದುಕೊಳ್ಳುವುದರಿಂದ ಕಾಲುಗಳು ಉಳಿಯುತ್ತವೆ.

ನದಿ ದಡದ ರಾತ್ರಿಯ ಇಬ್ಬನಿಯಲ್ಲಿ, ಹಗಲಿನ ನೇರ ಬಿಸಿಲಿನಲ್ಲಿ ವಾದ್ಯವನ್ನು ಬಿಡಬಾರದು. ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ಶ್ರುತಿ ಕೆಡುತ್ತದೆ. ಕಛೇರಿಗಾದರೆ ಅದೇ ದಿನ ಸ್ಥಳದಲ್ಲೇ ಶ್ರುತಿ ಮಾಡಿಸಬೇಕು. ಶಾಶ್ವತವಾಗಿ ಇರಿಸುವುದಾದರೆ ಹೊಸ ಜಾಗದ ಹವೆಗೆ ಒಂದೆರಡು ವಾರ ಒಗ್ಗಲು ಬಿಟ್ಟು ಶ್ರುತಿ ಮಾಡಿಸುವುದು ಸೂಕ್ತ.

ಕೊಳ್ಳುವುದೋ, ಬಾಡಿಗೆಯೋ?

ವರ್ಷಕ್ಕೆ ಒಂದೆರಡು ಬಾರಿ ಸಾಗಿಸುವ ಶಾಲೆ, ಸಂಘಗಳು ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ರಜಾಯಿ, ಪ್ಲೈವುಡ್ ಹಾಳೆ, ಗಾಲಿಗೆ ಕೊಡುವ ಅಡೆ ಇವು ಸ್ವಂತ ಇರಲಿ. ಹಲಗೆ, ಗಾಲಿಬಂಡಿ, ಜಾಕ್, ಲಿಫ್ಟ್ ಲಾರಿಗಳನ್ನು ಪಳಗಿದ ಜನರ ಸಮೇತ ಬಾಡಿಗೆಗೆ ತರುವುದೇ ಲಾಭ. ಬಾಡಿಗೆ ಕೇಳುವಾಗ ದರಕ್ಕಿಂತ ಮೊದಲು ಕೇಳಬೇಕಾದವು ಇವು: ಇದೇ ಅಳತೆಯ ವಾದ್ಯವನ್ನು ಮುಂಚೆ ಸಾಗಿಸಿದ್ದೀರಾ, ಗಾಲಿ ಮತ್ತು ಪಟ್ಟಿಗಳ ಸಾಮರ್ಥ್ಯ ಎಷ್ಟು, ಕೆಲಸದವರಿಗೆ ವಿಮೆ ಇದೆಯೇ, ವಾದ್ಯಕ್ಕೆ ಇದೆಯೇ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದವರು ಎಷ್ಟೇ ಅಗ್ಗವಾದರೂ ಬೇಡ.

ಕಾನ್ಸರ್ಟ್ ಗ್ರ್ಯಾಂಡೇ ಬೇಕೇ ಎಂದೂ ಒಮ್ಮೆ ಯೋಚಿಸಬಹುದು. ಸಮೂಹಗಾನಕ್ಕೆ ಪಕ್ಕವಾದ್ಯವಾಗಿ ನುಡಿಸುವುದಾದರೆ 88 ಮನೆಗಳ ಡಿಜಿಟಲ್ ಪಿಯಾನೋ ಸಾಕಾಗಬಹುದು. ಸುಲಭವಾಗಿ ಒಯ್ಯುವಂಥವು 25 ಕಿಲೋಗಿಂತ ಕಡಿಮೆ ತೂಗುತ್ತವೆ. ದೊಡ್ಡ ಕಲಾವಿದರ ಏಕವಾದನಕ್ಕೆ ದೊಡ್ಡ ವಾದ್ಯವೇ ಬೇಕು. ಆಗ ಅದರ ಸಾಗಣೆಯ ಖರ್ಚನ್ನು ಶಾಮಿಯಾನ, ಧ್ವನಿವರ್ಧಕಗಳ ಖರ್ಚಿನಂತೆಯೇ ಮೊದಲೇ ಅಂದಾಜಿನಲ್ಲಿ ಸೇರಿಸಬೇಕು. ಹಾಗೆ ಸೇರಿಸದೆ ಕೊನೆಯ ದಿನ ಸಿಕ್ಕಿದ ಕೂಲಿಯವರನ್ನು ಕರೆದು ಎತ್ತಿಸಿದರೆ, ಉಳಿಸಿದ ಹಣದ ಭಾರವನ್ನು ಅವರ ಬೆನ್ನಿನ ಮೇಲೆ ಹಾಕಿದಂತಾಗುತ್ತದೆ.

ಕೊನೆಯದಾಗಿ ಅಂಗಡಿಯಲ್ಲಿ ಸಿಗದ ಒಂದು ಸಲಕರಣೆ. ತೇರು ಎಳೆಯುವಾಗ ಗಾಲಿಯ ಪಕ್ಕದಲ್ಲಿ ಮರದ ಅಡೆ ಹಿಡಿದವರ ಕಣ್ಣು ಗಾಲಿಯ ಮೇಲಲ್ಲದೆ ಬೇರೆಲ್ಲಿಯೂ ಇರುವುದಿಲ್ಲ. ಪಿಯಾನೋ ಸಾಗಿಸುವಾಗಲೂ ಭಾರಕ್ಕೆ ಕೈ ಹಾಕದೆ, ನೋಡುವುದನ್ನೇ ಕೆಲಸ ಮಾಡಿಕೊಂಡ ಒಬ್ಬ ಮುಂದಾಳು ಇರಬೇಕು. ಎತ್ತಿ, ಇಳಿಸಿ, ತಳ್ಳಿ ಎನ್ನುವ ಮಾತು ಅವರೊಬ್ಬರದೇ ಆಗಿರಬೇಕು. ಆದರೆ ‘ನಿಲ್ಲಿಸಿ’ ಎನ್ನುವ ಹಕ್ಕು ಕೆಲಸಕ್ಕೆ ನಿಂತ ಪ್ರತಿಯೊಬ್ಬರಿಗೂ ಇರಲಿ. ಆ ಮಾತು ಯಾರ ಬಾಯಿಂದ ಬಂದರೂ ಎಲ್ಲರೂ ನಿಲ್ಲಬೇಕು. ಕೆಲಸ ಆರಂಭಿಸುವ ಮುನ್ನ ಇದನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಿಬಿಡಿ.